ಇದು ಯಾವ ಫೇರೋ? ಈಜಿಪ್ಟಿನ ವಿಗ್ರಹ, ಗೋಡೆಶಿಲ್ಪಗಳ ಒಡೆಯನನ್ನು ಗುರುತಿಸುವ ಕ್ರಮ

ವಿಗ್ರಹದ ಮೇಲೆ ಎರಡನೇ ರಾಮ್ಸೆಸ್‌ನ ಹೆಸರು ಕಂಡಿತು ಎಂದಾಕ್ಷಣ ಅದನ್ನು ಕಡೆಸಿದವನು ಅವನೇ ಎಂದು ಬರೆದುಕೊಳ್ಳಬೇಡಿ. 66 ವರ್ಷ ಆಳಿದ ಆ ದೊರೆ ತನಗಿಂತ ಆರು ನೂರು ವರ್ಷ ಹಿಂದಿನವರ ಮೂರ್ತಿಗಳ ಮೇಲೂ ತನ್ನ ಹೆಸರು ಕೊರೆಸಿದ. ಅವನ ಮಗ ಮೆರ್ನೆಪ್ಟಾ ಅದೇ ಹಾದಿ ಹಿಡಿದ, ಅವರಿಬ್ಬರಿಗಿಂತ ಮುಂಚೆ ಹೋರೆಮ್‌ಹೆಬ್ ಕೂಡ ಹೀಗೇ ಮಾಡಿದ್ದ. ಹೆಸರು ಉಳಿದರೆ ಮನುಷ್ಯ ಉಳಿದಂತೆ, ಹೆಸರು ಅಳಿದರೆ ಪರಲೋಕದಲ್ಲೂ ಅವನಿಗೆ ನೆಲೆಯಿಲ್ಲ ಎಂಬುದು ಈಜಿಪ್ಟಿನವರ ಗಟ್ಟಿ ನಂಬಿಕೆ. ಹಾಗಾಗಿಯೇ ಒಂದು ಶಿಲ್ಪದಲ್ಲಿ ಅತಿ ಹೆಚ್ಚು ಸಲ ಉಳಿಯ ಏಟು ತಿಂದ ಜಾಗ ಹೆಸರಿನದು. ಹೆಸರನ್ನು ಮೊದಲು ಓದಿ, ಆದರೆ ಕೊನೆಗೆ ನಂಬಿ. ನಡುವೆ ಕಲ್ಲು, ಮುಖ, ಮೈಕಟ್ಟು, ಅಳಿಸಿದ ಗುರುತುಗಳು ಏನು ಹೇಳುತ್ತವೆ ನೋಡಿ.

ಬೇಕಾಗುವುದು ಹೆಚ್ಚೇನಿಲ್ಲ. ಒಂದು ನೋಟ್‌ಬುಕ್, ಪೆನ್ಸಿಲ್, ಫೋನಿನ ಕ್ಯಾಮೆರಾ ಸಾಕು. ಅನುಮತಿ ಇರುವ ಕಡೆ ಚಿಕ್ಕ ಟಾರ್ಚು. ಫ್ಲ್ಯಾಶ್ ಬೇಡ. ಎದುರಿನಿಂದ ಬೀಳುವ ಬೆಳಕು ಉಬ್ಬುತಗ್ಗುಗಳನ್ನೆಲ್ಲ ಚಪ್ಪಟೆ ಮಾಡಿ, ನೀವು ಹುಡುಕುತ್ತಿರುವುದನ್ನೇ ಮರೆಸುತ್ತದೆ. ಬೆಳಕು ಓರೆಯಾಗಿ, ಗೋಡೆಯನ್ನು ಸವರಿಕೊಂಡು ಹೋಗುವಂತಿರಬೇಕು. ಹೊರಗೋಡೆಗಳಾದರೆ ಬೆಳಗಿನ ಮೊದಲ ಎರಡು ಗಂಟೆ ಅಥವಾ ಸಂಜೆಯ ಕೊನೆಯ ಎರಡು ಗಂಟೆ ಒಳ್ಳೆಯದು. ನಡುಮಧ್ಯಾಹ್ನ ಅಳಿಸಿದ ಹೆಸರುಗಳು ಕಾಣುವುದೇ ಇಲ್ಲ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಕೆಲಸಕ್ಕೆ ಕೈಹಾಕಲೇಬೇಡಿ, ಉಳಿದಿರುವ ಬಣ್ಣದ ಕಣ ಅದರಿಂದ ಉದುರುತ್ತದೆ.

ಹೆಸರು ಎಲ್ಲಿರುತ್ತದೆ, ಹೇಗೆ ಓದಬೇಕು

ರಾಜನ ಹೆಸರು ಒಂದು ಉದ್ದನೆಯ ಅಂಡಾಕಾರದ ಚೌಕಟ್ಟಿನೊಳಗೆ ಇರುತ್ತದೆ. ಇದೇ ಕಾರ್ಟೂಷ್: ಹಗ್ಗದ ಸುತ್ತು, ಒಂದು ತುದಿಯಲ್ಲಿ ಗಂಟು. ನಾಲ್ಕನೇ ರಾಜವಂಶದ ಸ್ನೆಫೆರುವಿನಿಂದ ಈಚೆಗೆ ಇದು ವಾಡಿಕೆಯಾಯಿತು. ನಿಂತ ವಿಗ್ರಹವಾದರೆ ಸೊಂಟಪಟ್ಟಿಯ ನಡುವೆ, ತೋಳಿನ ಮೇಲುಭಾಗದಲ್ಲಿ, ಬೆನ್ನ ಹಿಂದಿನ ಕಂಬದ ಉದ್ದಕ್ಕೆ, ಪೀಠದ ಮೇಲೆ ಹುಡುಕಿ. ಕುಳಿತದ್ದಾದರೆ ಸಿಂಹಾಸನದ ಎರಡು ಪಕ್ಕ ಮತ್ತು ಕಾಲುಗಳ ಅಕ್ಕಪಕ್ಕ. ಸಿಕ್ಕ ಎಲ್ಲ ಕಡೆಯ ಹೆಸರನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ, ಒಂದೇ ಮೂರ್ತಿಯ ಮೇಲೆ ಮೂರು ನಾಲ್ಕು ದೊರೆಗಳು ಸಿಗುವುದುಂಟು.

ಪ್ರಾಣಿ, ಪಕ್ಷಿ, ಮನುಷ್ಯರ ಚಿಹ್ನೆಗಳು ಯಾವ ಕಡೆ ಮುಖ ಮಾಡಿವೆಯೋ ಆ ಕಡೆಯಿಂದ ಓದಲು ತೊಡಗಬೇಕು. ಸಾಮಾನ್ಯವಾಗಿ ಎರಡು ಕಾರ್ಟೂಷ್ ಜೋಡಿಯಾಗಿ ಬರುತ್ತವೆ. ಜೊಂಡು ಮತ್ತು ಜೇನುನೊಣದ ಚಿಹ್ನೆ ಮುಂದಿದ್ದರೆ ಅದು ಪಟ್ಟಾಭಿಷೇಕದ ಹೆಸರು. ಬಾತುಕೋಳಿ ಮತ್ತು ಸೂರ್ಯಬಿಂಬ ಮುಂದಿದ್ದರೆ ಹುಟ್ಟುಹೆಸರು. ಗುರುತಿಸುವುದಕ್ಕೆ ಪಟ್ಟದ ಹೆಸರೇ ಆಧಾರ, ಯಾಕೆಂದರೆ ರಾಮ್ಸೆಸ್ ಎಂಬ ಹುಟ್ಟುಹೆಸರಿನವರೇ ಹನ್ನೊಂದು ಮಂದಿ ಇದ್ದಾರೆ.

ಪಟ್ಟದ ಹೆಸರಿನಲ್ಲಿ ಸೂರ್ಯದೇವ ರಾ ಇರುತ್ತಾನೆ. ಗೌರವಕ್ಕಾಗಿ ಅವನ ಬಿಂಬವನ್ನು ಎಲ್ಲಕ್ಕಿಂತ ಮೇಲೆ ಬರೆಯುತ್ತಾರೆ, ಓದುವಾಗ ಕೊನೆಗೆ ಓದುತ್ತಾರೆ. ಇದು ಗೊತ್ತಿಲ್ಲದೆ ಮೇಲಿನಿಂದ ಕೆಳಕ್ಕೆ ಓದುತ್ತಾ ಹೋದರೆ ಯಾವ ಪಟ್ಟಿಯಲ್ಲೂ ಇಲ್ಲದ ಹೆಸರು ಹುಟ್ಟುತ್ತದೆ.

ಕಣ್ಣಿಗೆ ಮೊದಲು ಪಳಗಿಸಬೇಕಾದ ಮೂರು ಹೆಸರುಗಳು ಇವು. ಮೂರರಲ್ಲೂ ಮೇಲೆ ಸೂರ್ಯಬಿಂಬ, ಅದರ ಜೊತೆಗೆ ತಲೆಯ ಮೇಲೆ ಗರಿ ಇಟ್ಟುಕೊಂಡು ಕುಳಿತ ಮಾತ್ ದೇವತೆ. ಮೂರನೆಯ ಚಿಹ್ನೆಯೇ ಒಡೆಯನನ್ನು ಹೇಳುವುದು. ಅಗಲವಾದ ಬುಟ್ಟಿ ಇದ್ದರೆ ನೆಬ್‌ಮಾತ್ರೆ, ಅಂದರೆ ಮೂರನೇ ಅಮೆನ್‌ಹೋಟೆಪ್. ಮೇಲಂಚಿನಲ್ಲಿ ಸಾಲಾಗಿ ಕಾಯಿಗಳು ನಿಂತ ಆಟದ ಹಲಗೆ ಇದ್ದರೆ ಮೆನ್‌ಮಾತ್ರೆ, ಅಂದರೆ ಮೊದಲನೇ ಸೆಟಿ. ಮೇಲಕ್ಕೆತ್ತಿದ ಎರಡು ತೋಳುಗಳಿದ್ದರೆ ಮಾತ್‌ಕಾರೆ, ಅಂದರೆ ಫೇರೋ ಆಗಿ ಆಳಿದ ಹೆಣ್ಣು ಹತ್ಶೆಪ್ಸುತ್. ಸವೆದ ಕಲ್ಲಿನಲ್ಲಿ ಬುಟ್ಟಿಗೂ ಹಲಗೆಗೂ ವ್ಯತ್ಯಾಸ ಕಾಣದಿದ್ದರೆ ಅಂಚು ನೋಡಿ: ಬುಟ್ಟಿಯ ತಳ ದುಂಡಗೆ ಬಾಗಿರುತ್ತದೆ, ಹಲಗೆಯದು ನೇರ. ಇದೇ ಜೋಡಿಗೆ ಉದ್ದ ಕತ್ತಿನ, ಪ್ರಾಣಿತಲೆಯ ಕೋಲು ಸೇರಿದರೆ ಉಸೆರ್‌ಮಾತ್ರೆ. ಇಲ್ಲಿ ನಿಲ್ಲಬೇಡಿ. ಎರಡನೇ ರಾಮ್ಸೆಸ್ ಉಸೆರ್‌ಮಾತ್ರೆ ಸೆಟೆಪೆನ್‌ರೆ, ಮೂರನೇ ರಾಮ್ಸೆಸ್ ಉಸೆರ್‌ಮಾತ್ರೆ ಮೆರಿಯಾಮುನ್, ಆಮೇಲಿನ ಹಲವು ದೊರೆಗಳೂ ಇದೇ ಹೆಸರನ್ನು ಇಟ್ಟುಕೊಂಡರು. ಎರಡನೆಯ ಪದ ಓದದೆ ಹೆಸರು ಹೇಳಿದರೆ ನೂರಾರು ವರ್ಷ ತಪ್ಪುತ್ತದೆ.

ಇನ್ನೊಂದು ಗುಂಪು ಜೀರುಂಡೆಯದು. ಬಿಂಬ, ಆಟದ ಹಲಗೆ, ಜೀರುಂಡೆ ಇದ್ದರೆ ಮೂರನೇ ಥುಟ್ಮೋಸ್. ಬಿಂಬ, ಜೀರುಂಡೆ, ಮೂರು ಗೆರೆ, ಬುಟ್ಟಿ ಇದ್ದರೆ ಟುಟಾಂಖಾಮುನ್. ಎರಡು ಜೀರುಂಡೆಗಳಿದ್ದರೆ ಅಯ್. ಮೂರನೇ ಥುಟ್ಮೋಸ್‌ನ ಹೆಸರು ರಕ್ಷೆಯೆಂದು ಅವನು ಸತ್ತ ಮೇಲೂ ನೂರಾರು ವರ್ಷ ತಾಯಿತಗಳ ಮೇಲೆ ಬರುತ್ತಲೇ ಇತ್ತು. ಚಿಕ್ಕ ಜೀರುಂಡೆ ತಾಯಿತದ ಮೇಲೆ ಅದು ಕಂಡರೆ ಕಾಲನಿರ್ಣಯಕ್ಕೆ ಏನೂ ಉಪಯೋಗವಿಲ್ಲ.

ಹೆಸರಿನ ಸುತ್ತಲಿನ ಕಲ್ಲು

ಓದಿಯಾದ ಮೇಲೆ ಕಾರ್ಟೂಷ್‌ನ ಹೊರಗೆ ನೋಡಿ. ಮೂಲ ಹೆಸರಾದರೆ ಚಿಹ್ನೆಗಳ ಆಳ, ಅಂಚಿನ ಚೂಪು, ಒಳಗಿನ ನುಣುಪು ಪಕ್ಕದ ಸಾಲುಗಳಿಗೆ ಹೊಂದಿಕೊಂಡಿರುತ್ತವೆ. ತಿದ್ದಿದ್ದಾದರೆ ಹೆಸರಿರುವಷ್ಟು ಜಾಗ ಮಾತ್ರ ಒಳಕ್ಕೆ ತಗ್ಗಿರುತ್ತದೆ. ಹಳೆಯ ಅಕ್ಷರ ಪೂರ್ತಿ ಹೋಗುವವರೆಗೆ ಕಲ್ಲು ತೆಗೆಯಲೇಬೇಕಲ್ಲ! ಓರೆ ಬೆಳಕಿನಲ್ಲಿ ಈ ತಗ್ಗು ಆಳವಿಲ್ಲದ ತಟ್ಟೆಯ ಹಾಗೆ ಕಾಣುತ್ತದೆ. ಗ್ರಾನೈಟ್‌ನಲ್ಲಿ ಇನ್ನೊಂದು ಸುಳಿವು ಸಿಗುತ್ತದೆ: ಸುತ್ತಲ ಮೈ ಕನ್ನಡಿಯಂತೆ ಹೊಳೆಯುತ್ತಿದ್ದು ಹೆಸರಿನ ಜಾಗ ಮಾತ್ರ ಮಂಕಾಗಿ ತರಿತರಿಯಾಗಿರುತ್ತದೆ. ಸುಣ್ಣಕಲ್ಲು, ಮರಳುಗಲ್ಲಿನಲ್ಲಿ ಸುಲಭದ ದಾರಿಯೊಂದಿತ್ತು, ಹಳೆಯ ಅಕ್ಷರಕ್ಕೆ ಗಾರೆ ತುಂಬಿ ಅದರ ಮೇಲೆ ಹೊಸದನ್ನು ಕೊರೆಯುವುದು. ಆ ಗಾರೆ ಈಗ ಉದುರಿಹೋಗಿರುವುದರಿಂದ ಎರಡು ಹೆಸರುಗಳೂ ಒಂದರ ಮೇಲೊಂದು ಹೆಣೆದುಕೊಂಡಂತೆ ಕಾಣುತ್ತವೆ. ಇಂಥ ಕಡೆ ಕಾಗದದಲ್ಲಿ ಎರಡು ಬಣ್ಣದ ಪೆನ್ಸಿಲಿನಿಂದ ಗೆರೆಗಳನ್ನು ಬೇರ್ಪಡಿಸಿ ಬರೆದರೆ ಅರ್ಧ ಕೆಲಸ ಮುಗಿದಂತೆ. ಯಾವ ಗೆರೆ ಯಾವುದನ್ನು ಕತ್ತರಿಸಿ ಹೋಗುತ್ತದೋ ಅದು ಆಮೇಲಿನದು.

ಮುಖ ಮತ್ತು ಮೈಕಟ್ಟು

ಇಲ್ಲಿ ನೋಡಬೇಕಾದ್ದು ರಾಜ ನಿಜವಾಗಿ ಹೇಗಿದ್ದ ಎಂಬುದನ್ನಲ್ಲ, ಅವನ ಕಾಲದ ಕಾರ್ಯಾಗಾರ ದೊರೆಯನ್ನು ಹೇಗೆ ತೋರಿಸಲು ಒಪ್ಪಿಕೊಂಡಿತ್ತು ಎಂಬುದನ್ನು.

ಹನ್ನೆರಡನೇ ರಾಜವಂಶದ ಮೂರನೇ ಸೆನುಸ್ರೆತ್‌ನನ್ನು ಗುರುತಿಸುವುದು ಅತಿ ಸುಲಭ. ಭಾರವಾದ ಕಣ್ಣುರೆಪ್ಪೆ, ಕಣ್ಣ ಕೆಳಗೆ ಜೋತ ಚರ್ಮ, ಮೂಗಿನ ಪಕ್ಕದಿಂದ ಇಳಿಯುವ ಗೆರೆ, ಕೆಳಕ್ಕೆ ಬಾಗಿದ ತುಟಿಯಂಚು, ತೀರಾ ದೊಡ್ಡ ಕಿವಿ. ಈ ದಣಿದ ಮುಖ ಕುಳಿತಿರುವುದು ಮಾತ್ರ ಇಪ್ಪತ್ತರ ಯುವಕನ ಗಟ್ಟಿ ಮೈಯ ಮೇಲೆ. ಮಗ ಮೂರನೇ ಅಮೆನೆಮ್‌ಹತ್‌ನ ಮೂರ್ತಿಗಳಲ್ಲೂ ಇದೇ ಬಗೆ ಮುಂದುವರಿಯುತ್ತದೆ. ರಾಮ್ಸೆಸ್ ವಂಶದ ಹೆಸರು ಇಂಥ ಮುಖದ ಕೆಳಗೆ ಕಂಡರೆ ಅದು ಆಮೇಲೆ ಸೇರಿದ್ದೇ.

ಮೂರನೇ ಅಮೆನ್‌ಹೋಟೆಪ್‌ನದು ಉದ್ದನೆಯ ಬಾದಾಮಿ ಕಣ್ಣು, ದಪ್ಪ ತುಟಿ, ತುಟಿಯ ಸುತ್ತ ಎತ್ತರಿಸಿದ ತೆಳು ಅಂಚು. ಅವನ ಮೂರ್ತಿಗಳು ಬಹಳ ಸಂಖ್ಯೆಯಲ್ಲಿದ್ದುದರಿಂದಲೇ ರಾಮ್ಸೆಸ್‌ನ ಶಿಲ್ಪಿಗಳ ಕೈಗೆ ಅವು ಹೆಚ್ಚು ಸಿಕ್ಕಿದವು. ಅವರು ಬರೀ ಹೆಸರು ಬದಲಿಸಿ ಬಿಡಲಿಲ್ಲ. ತುಟಿಯನ್ನು ತೆಳುಗೊಳಿಸಿದರು, ಹೊಟ್ಟೆ ಸೊಂಟ ಕಡಿದು ಸಣ್ಣ ಮಾಡಿದರು. ಇದು ಗೊತ್ತಾಗುವುದು ಅಳತೆಯಲ್ಲಿ: ಎದುರಿನಿಂದ ಸರಿಯಾಗಿ ಕಾಣುವ ಮುಖ ಪಕ್ಕದಿಂದ ನೋಡಿದರೆ ಬಾಯಿಯ ಹತ್ತಿರ ಒಳಕ್ಕೆ ಹೋಗಿರುತ್ತದೆ. ಅದಕ್ಕೇ ಎದುರಿನ ಒಂದು ಫೋಟೊ ಸಾಲದು, ಎರಡೂ ಪಕ್ಕದಿಂದ ಮತ್ತು ಹಿಂದಿನಿಂದ ತೆಗೆಯಿರಿ. ಕಿವಿಯ ಹಾಲೆಯಲ್ಲಿ ತೂತು, ಕತ್ತಿನ ಮೇಲೆ ಎರಡು ಮಡಿಕೆಗೆರೆ ಅವನ ಮಗ ಅಖೆನಾತೆನ್‌ನಿಂದ ಈಚೆಗೆ ಬಂದ ಲಕ್ಷಣಗಳು. ಅವನ್ನು ಹಳೆಯ ಮೂರ್ತಿಗೆ ಆಮೇಲೆ ಕೊರೆಯುವುದು ಕಷ್ಟವೇನಲ್ಲ, ಹಾಗಾಗಿ ಅವೆರಡನ್ನೇ ನೆಚ್ಚಿ ತೀರ್ಮಾನಕ್ಕೆ ಬರಬೇಡಿ.

ಅಖೆನಾತೆನ್‌ನ ಶಿಲ್ಪ ಬೇರೆಯವರದರ ಜೊತೆ ಬೆರೆಯುವುದಿಲ್ಲ. ನೀಳ ಮುಖ, ಓರೆಗಣ್ಣು, ಚಾಚಿದ ಗಲ್ಲ, ಇಳಿದ ಹೊಟ್ಟೆ, ದಪ್ಪ ತೊಡೆ, ಸಣಕಲು ಕಾಲು. ಮೇಲೆ ಅವನು ಪೂಜಿಸಿದ ಸೂರ್ಯದೇವ ಅತೆನ್‌ನ ಬಿಂಬ, ಅದರ ಕಿರಣಗಳ ತುದಿಯಲ್ಲಿ ಪುಟ್ಟ ಕೈಗಳು. ಆ ಕೈಗಳಲ್ಲಿ ಜೀವಚಿಹ್ನೆ ಯಾರ ಮೂಗಿನ ಬಳಿ ಬರುತ್ತದೆ ನೋಡಿ. ರಾಜ ಮತ್ತು ರಾಣಿಗೆ ಮಾತ್ರ. ಪ್ರಜೆಗೂ ದೇವರಿಗೂ ನಡುವೆ ರಾಜಕುಟುಂಬವೇ ಬಾಗಿಲು ಎಂಬ, ಅವನು ತಂದ ಹೊಸ ಧರ್ಮದ ತಿರುಳು ಇಷ್ಟರಲ್ಲೇ ಇದೆ. ಇಲ್ಲಿ ಕಾರ್ಟೂಷ್ ಎಣಿಸುವಾಗ ಎಚ್ಚರ ಬೇಕು. ದೇವರಾದ ಅತೆನ್‌ನ ಹೆಸರನ್ನೂ ಎರಡು ಕಾರ್ಟೂಷ್‌ಗಳಲ್ಲಿ ಬರೆದರು, ಅದನ್ನು ರಾಜನದೆಂದು ಓದುವ ತಪ್ಪು ಸಾಮಾನ್ಯ. ಅತೆನ್‌ನ ಹೆಸರಿನಲ್ಲಿ ಗಿಡುಗದ ಚಿಹ್ನೆ ಇದ್ದರೆ ಆಳ್ವಿಕೆಯ ಮೊದಲ ಘಟ್ಟ. ಹಳೆಯ ದೇವರುಗಳ ನೆನಪು ತರುವ ಚಿಹ್ನೆಗಳನ್ನು ಆಮೇಲೆ ಕೈಬಿಟ್ಟರು. ದೊಡ್ಡ ಗುಡಿಸಮೂಹವಿರುವ ಕಾರ್ನಾಕ್‌ನಲ್ಲಿ ಅವನು ಕಟ್ಟಿಸಿದ ಗುಡಿಗಳನ್ನು ಕೆಡವಿ, ಕಲ್ಲುಗಳನ್ನು ಹೋರೆಮ್‌ಹೆಬ್ ತನ್ನ ಮಹಾದ್ವಾರಗಳ ಒಳಗೆ ತುಂಬಿಸಿದ. ತಲಾತಾತ್ ಎಂದು ಕರೆಯುವ ಈ ಕಲ್ಲುಗಳ ಅಳತೆ ಸುಮಾರು 52×26×24 ಸೆಂ.ಮೀ., ಒಬ್ಬ ಆಳು ಹೊರಬಲ್ಲಷ್ಟು. ಕೆತ್ತನೆಯಿರುವ ಬಿಡಿಗಲ್ಲು ಈ ಅಳತೆಗೆ ಕೂತರೆ ಚಿತ್ರ ಏನೇ ಇರಲಿ, ಮೊದಲು ಅಖೆನಾತೆನ್‌ನನ್ನು ಯೋಚಿಸಿ.

ಗೋಡೆಯ ಮೇಲಿನ ನಿಂತ ಆಕೃತಿಯಾದರೆ ಫೋಟೊ ಪ್ರಿಂಟ್ ಮಾಡಿ ಚೌಕ ಹಾಕಿ ನೋಡಬಹುದು. ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಸಮಭಾಗ ಮಾಡಿದಾಗ ಮಂಡಿ 6ರಲ್ಲಿ, ಹೆಗಲು 16ರಲ್ಲಿ ಬಂದರೆ ಹಳೆಯ ಕ್ರಮ. ಅಖೆನಾತೆನ್ ಕಾಲದಲ್ಲಿ 20 ಆಯಿತು, ಹೆಚ್ಚಾದ ಭಾಗ ಕತ್ತು, ಮುಖ ಮತ್ತು ಹೊಟ್ಟೆಗೆ ಹೋಯಿತು. ಇಪ್ಪತ್ತಾರನೇ ರಾಜವಂಶದಿಂದ ಈಚೆಗೆ ಮೇಲಿನ ಕಣ್ಣುರೆಪ್ಪೆಯವರೆಗೆ 21. ಕೆಳಗಿನಿಂದ ಮೇಲಕ್ಕೆ ಕ್ಯಾಮೆರಾ ಹಿಡಿದು ತೆಗೆದ ಫೋಟೊದಲ್ಲಿ ಈ ಲೆಕ್ಕ ಕೆಡುತ್ತದೆ. ಆಕೃತಿಯ ಸೊಂಟದ ಎತ್ತರದಲ್ಲಿ, ನೇರ ಎದುರು ನಿಂತು ತೆಗೆದದ್ದೇ ಆಗಬೇಕು.

ಅಳಿಸಿದವರು ಯಾರು, ಏನನ್ನು ಅಳಿಸಿದರು

ಇದು ಈ ಕೆಲಸದ ಹೃದಯಭಾಗ, ಇಲ್ಲಿ ಆತುರ ಬೇಡ. ಅಳಿಸಿದ ಜಾಗದಲ್ಲಿ ಏನು ಹೋಗಿದೆ ಎನ್ನುವುದಕ್ಕಿಂತ ಪಕ್ಕದಲ್ಲಿ ಏನನ್ನು ಉಳಿಸಿದ್ದಾರೆ ಎಂಬುದು ಹೆಚ್ಚು ತಿಳಿಸುತ್ತದೆ.

ಡೇರ್ ಎಲ್-ಬಹ್ರಿಯಲ್ಲಿ ಹತ್ಶೆಪ್ಸುತ್ ಕಟ್ಟಿಸಿದ ಗುಡಿಯಲ್ಲಿ ಅವಳ ಆಕೃತಿಯನ್ನು ಕಡಿದಿದ್ದಾರೆ, ಆದರೆ ಹೊರಗೆರೆಯ ಒಳಗಷ್ಟೇ. ಎದುರಿಗಿರುವ ದೇವರಿಗೆ ಉಳಿ ತಾಗಿಲ್ಲ. ಮೂರನೇ ಥುಟ್ಮೋಸ್ ತನ್ನ ಆಳ್ವಿಕೆಯ ಕೊನೆಯ ಭಾಗದಲ್ಲಿ ಮಾಡಿಸಿದ ಕೆಲಸವಿದು, ಅವಳ ಹೆಸರಿನ ಜಾಗಕ್ಕೆ ತನ್ನ ತಂದೆ ಅಥವಾ ತಾತನ ಹೆಸರು ಹಾಕಿಸಿದ. ಗಂಡಸರ ಹೆಸರು ಬಂದರೂ ಸುತ್ತಲಿನ ಸಾಲುಗಳಲ್ಲಿ ಸ್ತ್ರೀಲಿಂಗದ ಗುರುತು, ಚಿಕ್ಕ ಅರೆವೃತ್ತದ ರೊಟ್ಟಿಯಂಥ ಚಿಹ್ನೆ, ಅನೇಕ ಕಡೆ ಹಾಗೇ ಉಳಿದುಬಿಟ್ಟಿದೆ. ರಾಜನ ಹೆಸರಿನ ಮುಂದಿನ ಬಾತುಕೋಳಿಯ ಪಕ್ಕ ಆ ಚಿಹ್ನೆ ಕಂಡರೆ "ರಾ ದೇವನ ಮಗಳು" ಎಂದಾಗುತ್ತದೆ. ಆ ಗೋಡೆಯ ಮೂಲ ಒಡತಿ ಅವಳೇ.

ಅಖೆನಾತೆನ್‌ನ ಆಳುಗಳದು ಬೇರೆಯೇ ರೀತಿ. ಅವರ ಗುರಿ ಅಲ್ಲಿಯವರೆಗೆ ಮುಖ್ಯ ದೇವರಾಗಿದ್ದ ಅಮುನ್. ಜೊಂಡೆಲೆ, ಆಟದ ಹಲಗೆ, ನೀರಿನ ಅಂಕುಡೊಂಕು ಗೆರೆ, ಈ ಮೂರು ಚಿಹ್ನೆಗಳನ್ನು ಎಲ್ಲಿ ಕಂಡರೂ ಒರಟಾಗಿ ಕೊಚ್ಚಿದರು. ಅಖೆನಾತೆನ್‌ನ ಸ್ವಂತ ತಂದೆ ಅಮೆನ್‌ಹೋಟೆಪ್‌ನ ಕಾರ್ಟೂಷ್‌ನೊಳಗೂ ಅಮುನ್ ಭಾಗ ಮಾತ್ರ ಹೋಗಿ ಉಳಿದದ್ದು ನಿಂತಿದೆ. ಕಾರ್ನಾಕ್‌ನಲ್ಲಿ ಇಂದಿಗೂ ನಿಂತಿರುವ, ಸುಮಾರು 29.5 ಮೀಟರ್ ಎತ್ತರದ ಹತ್ಶೆಪ್ಸುತ್‌ಳ ಒಬೆಲಿಸ್ಕ್‌ನ (ಚೂಪು ತುದಿಯ ಏಕಶಿಲೆಯ ಕಂಬ) ಮೇಲುಭಾಗದವರೆಗೂ ಈ ಉಳಿ ತಲುಪಿತ್ತು. ಆಮೇಲೆ ಟುಟಾಂಖಾಮುನ್, ಹೋರೆಮ್‌ಹೆಬ್, ಮುಖ್ಯವಾಗಿ ಮೊದಲನೇ ಸೆಟಿ ಇವನ್ನು ಮತ್ತೆ ಕೆತ್ತಿಸಿದರು.

ಇದರಿಂದ ಕಾಲ ಹೇಳುವ ಒಳ್ಳೆಯ ಸೂತ್ರ ಸಿಗುತ್ತದೆ. ಅಮುನ್ ಆಕೃತಿ ಅಥವಾ ಹೆಸರು ಕೊಚ್ಚಿಹೋಗಿದ್ದರೆ ಆ ಕೆತ್ತನೆ ಅಖೆನಾತೆನ್‌ನ ದಾಳಿಗೆ ಮುಂಚಿನದು. ಅಮುನ್ ಇದ್ದಾನೆ, ಆದರೆ ಪಕ್ಕದ ರಾಜನಿಗಿಂತ ಒಂದು ಮಟ್ಟ ಒಳಗಿದ್ದಾನೆ ಎಂದರೂ ಮುಂಚಿನದೇ, ಆಮೇಲೆ ಸರಿಪಡಿಸಿದ್ದು. ಅಮುನ್ ಒಂದಿಷ್ಟೂ ಮುಕ್ಕಾಗದೆ ರಾಜನ ಮಟ್ಟದಲ್ಲೇ ಇದ್ದರೆ ಕೆತ್ತನೆ ದಾಳಿಯ ನಂತರದ್ದು, ಇಲ್ಲವೇ ಆ ಕಾಲದಲ್ಲಿ ಗೋಡೆಯೊಳಗೆ, ಮಣ್ಣಿನಲ್ಲಿ ಮರೆಯಾಗಿತ್ತು.

ಮೂರನೆಯ ಸುತ್ತು ಅಖೆನಾತೆನ್‌ನ ಬಳಿಕದ್ದು. ಅಮುನ್ ಪೂಜೆಯನ್ನು ಮರಳಿ ತಂದ ಟುಟಾಂಖಾಮುನ್‌ನ ಕೆಲಸವನ್ನೆಲ್ಲ ಹೋರೆಮ್‌ಹೆಬ್ ತನ್ನದಾಗಿಸಿಕೊಂಡ. ಲಕ್ಸಾರ್ ಗುಡಿಯ ಸಾಲುಕಂಬಗಳ ಹಜಾರದಲ್ಲಿ ಓಪೆತ್ ಹಬ್ಬದ ಮೆರವಣಿಗೆ ಕೆತ್ತಿದ ಗೋಡೆಗಳು ಇದಕ್ಕೆ ಸ್ಪಷ್ಟ ಸಾಕ್ಷಿ: ಕಾರ್ಟೂಷ್ ಹೋರೆಮ್‌ಹೆಬ್‌ನದು, ದುಂಡು ಕೆನ್ನೆಯ ಎಳೆಮುಖ ಟುಟಾಂಖಾಮುನ್‌ನದು. ಇಬ್ಬರ ಪಟ್ಟದ ಹೆಸರಿನಲ್ಲೂ ಜೀರುಂಡೆ ಮತ್ತು ಮೂರು ಗೆರೆ ಇರುವುದರಿಂದ ಅವನ್ನು ನೋಡಿ ಪ್ರಯೋಜನವಿಲ್ಲ, ಕೆಳಗೆ ಬುಟ್ಟಿಯ ದುಂಡು ತಳದ ಗೀರು ಉಳಿದಿದೆಯೇ ಹುಡುಕಿ.

ಅಬಿಡೋಸ್‌ನ ಗುಡಿಯಲ್ಲಿ ಸೆಟಿ ಕೆತ್ತಿಸಿದ 76 ಹೆಸರುಗಳ ರಾಜಪಟ್ಟಿಯಲ್ಲಿ ಹತ್ಶೆಪ್ಸುತ್, ಅಖೆನಾತೆನ್, ಟುಟಾಂಖಾಮುನ್, ಅಯ್ ಯಾರೂ ಇಲ್ಲ. ಪೂಜೆ ಸಲ್ಲಬೇಕಾದ ಹಿರಿಯರ ಪಟ್ಟಿ ಅದು. ಅದರಲ್ಲಿ ಹೆಸರಿಲ್ಲದಿದ್ದರೆ ಅಂಥ ದೊರೆ ಇರಲೇ ಇಲ್ಲ ಎಂದು ತಿಳಿಯಬಾರದು.

ಸೆಟಿ ಮತ್ತು ರಾಮ್ಸೆಸ್‌ರನ್ನು ಬೇರ್ಪಡಿಸುವುದು

ಹಿನ್ನೆಲೆಯನ್ನು ಕಡಿದು ಆಕೃತಿಯನ್ನು ಎತ್ತರಿಸಿದ್ದು ಉಬ್ಬುಶಿಲ್ಪ. ಹಿನ್ನೆಲೆಯನ್ನು ಹಾಗೇ ಬಿಟ್ಟು ಆಕೃತಿಯನ್ನು ಒಳಕ್ಕೆ ಕೊರೆದದ್ದು ತಗ್ಗುಶಿಲ್ಪ. ಬಿಸಿಲು ಬೀಳುವ ಹೊರಗೋಡೆಗೆ ತಗ್ಗುಶಿಲ್ಪ, ಮಬ್ಬುಗತ್ತಲ ಒಳಗೋಡೆಗೆ ಉಬ್ಬುಶಿಲ್ಪ ಎಂಬುದು ಹಳೆಯ ರೂಢಿ. ಕಾರ್ನಾಕ್‌ನ 134 ಕಂಬಗಳ ಮಹಾಮಂಟಪದಲ್ಲಿ ಉತ್ತರದ ಅರ್ಧ ಸೆಟಿಯದು, ಎಲ್ಲವೂ ನವಿರಾದ ಉಬ್ಬುಶಿಲ್ಪ. ದಕ್ಷಿಣದಲ್ಲಿ ಮಗ ರಾಮ್ಸೆಸ್ ಮೂರು ಹಂತ ದಾಟಿದ್ದಾನೆ: ಮೊದಲು ಉಬ್ಬುಶಿಲ್ಪ, ಹೆಸರು ಬರೀ ಉಸೆರ್‌ಮಾತ್ರೆ, ಆಮೇಲೆ ಅದೇ ಚಿಕ್ಕ ಹೆಸರಿನೊಂದಿಗೆ ತಗ್ಗುಶಿಲ್ಪ, ಕೊನೆಗೆ ಸೆಟೆಪೆನ್‌ರೆ ಸೇರಿದ ಪೂರ್ಣ ಹೆಸರಿನೊಂದಿಗೆ ತಗ್ಗುಶಿಲ್ಪ. ಚಿಕ್ಕ ಹೆಸರು ಕಂಡರೆ ಅದು ಅವನ ಆಳ್ವಿಕೆಯ ತೀರಾ ಆರಂಭದ ಕೆಲಸ. ಅವನ ಆಮೇಲಿನ ಕೆತ್ತನೆಗಳಲ್ಲಿ ಕಾರ್ಟೂಷ್ ಬಹಳ ಆಳವಾಗಿರುತ್ತದೆ. ಇನ್ನೊಬ್ಬರು ಅಳಿಸುವುದು ಎಷ್ಟು ಸುಲಭವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಕೊನೆಯ ಕಾಲದವರು

ಈಜಿಪ್ಟಿನ ದಕ್ಷಿಣದ ಕುಶ್ ನಾಡಿನಿಂದ ಬಂದ ಇಪ್ಪತ್ತೈದನೇ ರಾಜವಂಶದ ದೊರೆಗಳ ಹಣೆಯ ಮೇಲೆ ಹೆಡೆ ಎತ್ತಿದ ನಾಗರ ಒಂದಲ್ಲ, ಎರಡು. ತಲೆಗೆ ಅಂಟಿದಂಥ ಟೊಪ್ಪಿಗೆ, ಕೊರಳಲ್ಲಿ ಟಗರುತಲೆಯ ಪದಕ. ಎರಡನೇ ಸಾಮ್ತಿಕ್ ಇವರ ಹೆಸರುಗಳನ್ನು ಅಳಿಸಿ, ಎರಡು ಹೆಡೆಗಳಲ್ಲಿ ಒಂದನ್ನು ತೆಗೆಸಿದ. ಹಣೆಯ ನಾಗರ ಸರಿಯಾಗಿ ನಡುವೆ ಇಲ್ಲದೆ ಒಂದು ಪಕ್ಕಕ್ಕೆ ಸರಿದಂತಿದ್ದರೆ ಅಲ್ಲಿ ಇನ್ನೊಂದರ ಗುರುತು ಹುಡುಕಿ.

ಗ್ರೀಕ್ ಮೂಲದ ಟಾಲೆಮಿ ವಂಶದ ಕೆತ್ತನೆಯಲ್ಲಿ ಮೈ ಉಬ್ಬಿಕೊಂಡಿರುತ್ತದೆ, ಕೆನ್ನೆ ಹೊಟ್ಟೆ ಎದೆ ಎಲ್ಲ ದುಂಡು ದುಂಡು, ಕಾರ್ಟೂಷ್ ಉದ್ದ, ಒಳಗೆ ಚಿಹ್ನೆಗಳು ಕಿಕ್ಕಿರಿದಿರುತ್ತವೆ. ಟಾಲೆಮಿ, ಕ್ಲಿಯೋಪಾತ್ರ ಎರಡೂ ಹೆಸರುಗಳಲ್ಲಿ ಮಲಗಿದ ಸಿಂಹ ಸಿಗುತ್ತದೆ. ಕ್ರಿ.ಪೂ. 237ರಲ್ಲಿ ತೊಡಗಿ ಕ್ರಿ.ಪೂ. 57ರಲ್ಲಿ ಮುಗಿದ ಎಡ್ಫು ಗುಡಿ ಈ ಶೈಲಿ ಕಲಿಯಲು ಒಳ್ಳೆಯ ಜಾಗ. ಡೆಂಡೆರಾ ಗುಡಿಯಲ್ಲಿ ಖಾಲಿ ಕಾರ್ಟೂಷ್‌ಗಳು ಕಂಡರೆ ಅಳಿಸಿದ್ದೆಂದು ಭಾವಿಸಬೇಡಿ. ಒಳಮೈ ನುಣುಪಾಗಿ, ತಗ್ಗಿಲ್ಲದೆ ಇದ್ದರೆ ಅಲ್ಲಿ ಯಾವ ಹೆಸರನ್ನೂ ಬರೆದೇ ಇರಲಿಲ್ಲ.

ತೀರ್ಮಾನ ಬರೆಯುವ ಬಗೆ

ಕೈರೋ ಮ್ಯೂಸಿಯಂನಲ್ಲಿರುವ ಟಾನಿಸ್ ಊರಿನ ಸಿಂಹಕೇಸರದ ಸ್ಫಿಂಕ್ಸ್‌ಗಳನ್ನೇ, ಅಂದರೆ ಸಿಂಹದ ಮೈಗೆ ರಾಜನ ಮುಖವಿರುವ ಮೂರ್ತಿಗಳನ್ನೇ ತೆಗೆದುಕೊಳ್ಳಿ. ಅವುಗಳ ಮೇಲಿನ ಹೆಸರುಗಳನ್ನು ಓದಿದರೆ ಹಿಕ್ಸೋಸ್ ದೊರೆ, ಎರಡನೇ ರಾಮ್ಸೆಸ್, ಮೆರ್ನೆಪ್ಟಾ, ಮೊದಲನೇ ಸುಸೆನ್ನೆಸ್ ಎಲ್ಲರೂ ಸಿಗುತ್ತಾರೆ. ಹಿಕ್ಸೋಸ್ ಹೆಸರನ್ನು ನಂಬಿ ಹತ್ತೊಂಬತ್ತನೇ ಶತಮಾನದ ವಿದ್ವಾಂಸರು ಅವನ್ನು ಹೊರಗಿನಿಂದ ಬಂದ ಜನರ ಕೆಲಸವೆಂದರು. ಮುಖ ನೋಡಿದಾಗ ಉತ್ತರ ಸಿಕ್ಕಿತು. ಆ ಬಿಗಿದ ಬಾಯಿ, ಕೆನ್ನೆಯ ಮೂಳೆ, ಗೆರೆಗಳು ಮೂರನೇ ಅಮೆನೆಮ್‌ಹತ್‌ನವು. ಕಡೆಸಿದವನ ಹೆಸರಿಗಿಂತ ಹಂಚಿಕೊಂಡವರ ಹೆಸರೇ ಎದ್ದು ಕಾಣುತ್ತದೆ, ಮೊದಲಿಗೂ ಕೊನೆಗೂ ನಡುವೆ ಸುಮಾರು ಎಂಟು ನೂರು ವರ್ಷ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಒಂದೇ ಹೆಸರು ಬರೆಯುವ ಬದಲು ಮೂರು ಸಾಲು ಬಿಡಿ: ಕಡೆಸಿದವರು, ಹೆಸರು ಹಾಕಿಸಿಕೊಂಡವರು, ಅಳಿಸಿದ್ದು ಅಥವಾ ಸರಿಪಡಿಸಿದ್ದು. ಪ್ರತಿ ಸಾಲಿನ ಮುಂದೆ ಆಧಾರವನ್ನೂ ಬರೆಯಿರಿ, "ಮುಖ", "ತಗ್ಗು", "ಸ್ತ್ರೀಲಿಂಗ ಚಿಹ್ನೆ" ಎಂಬಷ್ಟು ಚುಟುಕಾಗಿ. ಅಧಿಕಾರಿಯೊಬ್ಬನ ಮೂರ್ತಿಯ ಹೆಗಲ ಮೇಲೆ ಕಾರ್ಟೂಷ್ ಇದ್ದರೆ ಅವನು ಯಾರ ಸೇವೆಯಲ್ಲಿದ್ದ ಎಂಬುದಷ್ಟೇ ಅದರ ಅರ್ಥ. ರಾಜರ ಗೋರಿ ಕೆತ್ತುವ ಕುಶಲಕರ್ಮಿಗಳ ಊರಾದ ಡೇರ್ ಎಲ್-ಮದೀನಾದ ಗೋರಿಗಳಲ್ಲಿ ಮೊದಲನೇ ಅಮೆನ್‌ಹೋಟೆಪ್ ಮತ್ತು ಅವನ ತಾಯಿ ಅಹ್ಮೋಸ್-ನೆಫರ್ತಾರಿ ಕಾಣಿಸಿದರೆ ಅವರು ಅಲ್ಲಿ ಊರದೇವರುಗಳು. ಚಿತ್ರ ಬರೆಸಿದ್ದು ಎಷ್ಟೋ ತಲೆಮಾರಿನ ಬಳಿಕದ ಕುಶಲಕರ್ಮಿ ಭಕ್ತರು. ಮೂಗು, ಗಲ್ಲ, ನಾಗರದ ಹೆಡೆ ಇವುಗಳ ಬಣ್ಣ ಉಳಿದ ಕಲ್ಲಿಗಿಂತ ಬೇರೆಯಾಗಿ, ತೀರಾ ನಯವಾಗಿದ್ದರೆ ಅದು ಈಚಿನ ದುರಸ್ತಿ. ಆ ಭಾಗವನ್ನು ಸಾಕ್ಷಿಯ ಲೆಕ್ಕದಿಂದ ಬಿಟ್ಟು, ಕಣ್ಣು ಮತ್ತು ಕಿವಿಯಿಂದ ಮತ್ತೆ ತೊಡಗಿ.